ಕೀ ಕೊಟ್ಟು ಬರುವ ಮೊದಲು ಹತ್ತು ನಿಮಿಷ ನಿಲ್ಲಿ

ಬಾಡಿಗೆ ಕಾರಿನ ಜಗಳ ಹೊತ್ತುಕೊಂಡು ನನ್ನ ಹತ್ತಿರ ಬರುವವರ ಫೋನಿನಲ್ಲಿ ಕಾರು ತಗೊಂಡ ದಿನದ ವಿಡಿಯೋ ಇದ್ದೇ ಇರುತ್ತದೆ. ಅಷ್ಟು ಈಗ ಎಲ್ಲರಿಗೂ ಗೊತ್ತಾಗಿದೆ. ಸುತ್ತಲೂ ತೆಗೆದಿರುತ್ತಾರೆ, ಕಿಲೋಮೀಟರ್ ತೆಗೆದಿರುತ್ತಾರೆ, ಪೆಟ್ರೋಲ್ ಮುಳ್ಳು ತೆಗೆದಿರುತ್ತಾರೆ, ಕೆಲವರು ಡಿಕ್ಕಿ ತೆರೆದು ಸ್ಟೆಪ್ನಿಯನ್ನೂ ತೋರಿಸಿರುತ್ತಾರೆ. ಬಹಳ ಒಳ್ಳೆಯದು. ವಾಪಸ್ ಕೊಟ್ಟ ಹೊತ್ತಿನ ವಿಡಿಯೋ ಎಲ್ಲಿ ಅಂತ ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ‘ಸಾರ್, ರಾತ್ರಿ ಆಗಿತ್ತು, ಮಕ್ಕಳು ನಿದ್ದೆ ಮಾಡ್ತಿದ್ವು, ಕೀ ವಾಚ್‌ಮನ್ ಕೈಗೆ ಕೊಟ್ಟು ಆಟೋ ಹತ್ತಿ ಬಂದ್ಬಿಟ್ವಿ.’ ಹೆಚ್ಚು ಕಡಿಮೆ ಎಲ್ಲರೂ ಹೇಳುವುದು ಇದೇ.

ನಾನು ದಾವಣಗೆರೆಯಲ್ಲಿ ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಗಾಡಿ ನೋಡಿ ನಷ್ಟ ಎಷ್ಟು ಅಂತ ಅಂದಾಜು ಮಾಡಿ ವರದಿ ಕೊಡುವ ಕೆಲಸ. ಹರಿಹರ, ಜಗಳೂರು, ಚಿತ್ರದುರ್ಗ, ಹಿರಿಯೂರು ಅಂತ ಗ್ಯಾರೇಜಿನಿಂದ ಗ್ಯಾರೇಜಿಗೆ ಓಡಾಟ. ಬಾಡಿಗೆ ಕಾರಿನ ಜಗಳ ಬಿಡಿಸುವುದು ನನ್ನ ಕೆಲಸವೇನಲ್ಲ. ಆದರೆ ಪರಿಚಯದವರು, ಪರಿಚಯದವರ ಪರಿಚಯದವರು ಫೋಟೋ ಕಳಿಸಿ ‘ಇದು ಹಳೇ ಗೀರು ಅಂತ ನೀವೊಂದು ಮಾತು ಬರೆದುಕೊಡಿ’ ಅಂತ ಕೇಳುತ್ತಾರೆ. ಬರೆದುಕೊಡಲು ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದೇ ಈ ಅಂಕಣ.

ಒಂದು ಗೀರು ಹಳೆಯದೋ ಹೊಸದೋ ಹೇಳುವುದು ನಮ್ಮ ಕಸುಬಿನ ಒಂದು ಭಾಗ ನಿಜ. ಬಣ್ಣ ಎದ್ದು ತಗಡು ಕಾಣುತ್ತಿದ್ದರೆ ತುಕ್ಕು ಕೂತಿದೆಯಾ ನೋಡುತ್ತೇವೆ. ಗೀರಿನ ಒಳಗೆ ಧೂಳು, ಪಾಲಿಶ್ ಸೇರಿಕೊಂಡಿದೆಯಾ, ಅಂಚು ಇನ್ನೂ ಚೂಪಾಗಿದೆಯಾ, ತೊಳೆದು ಒರೆಸಿ ಮೊಂಡಾಗಿದೆಯಾ, ತಗುಲಿದ ಇನ್ನೊಂದು ಗಾಡಿಯ ಬಣ್ಣ ಅಂಟಿದೆಯಾ, ಪೆಟ್ಟು ಬಿದ್ದ ಎತ್ತರಕ್ಕೂ ಅವರು ಹೇಳುವ ಕತೆಗೂ ಹೊಂದುತ್ತದಾ ಅಂತ ಟೇಪು ಹಿಡಿದು ಅಳೆಯುತ್ತೇವೆ. ಹಳೇ ಡೆಂಟನ್ನು ಹೊಸ ಕ್ಲೇಮಿಗೆ ಸೇರಿಸಲು ನೋಡುವವರು ಸಿಕ್ಕಿಬೀಳುವುದು ಹೀಗೆ. ಇಷ್ಟೆಲ್ಲ ನೋಡಿದ ಮೇಲೆ ನಾನು ಹೇಳಬಹುದಾದ್ದು ‘ಇದು ಬಹಳ ದಿನದ್ದು’ ಅಥವಾ ‘ಇದು ಈಚಿನದು’ ಅಂತ, ಅಷ್ಟೇ. ನಿನ್ನೆ ರಾತ್ರಿ 9 ಗಂಟೆಗೆ ಆದದ್ದೋ ಇವತ್ತು ಬೆಳಿಗ್ಗೆ 7ಕ್ಕೆ ಆದದ್ದೋ ಅನ್ನುವುದನ್ನು ಗೀರು ನೋಡಿ ಹೇಳಲು ಯಾವ ಸರ್ವೇಯರ್ ಕೈಲೂ ಆಗಲ್ಲ.

ಅದರಲ್ಲೂ ಬಂಪರ್. ಬಾಡಿಗೆ ಕಾರಿನ ಜಗಳ ಜಾಸ್ತಿ ಆಗುವುದೇ ಬಂಪರ್ ಮೇಲೆ. ಅದು ಪ್ಲಾಸ್ಟಿಕ್, ತುಕ್ಕು ಹಿಡಿಯುವುದೇ ಇಲ್ಲ. ಹಾಗಾಗಿ ನಮಗಿದ್ದ ದೊಡ್ಡ ಗುರುತೇ ಅಲ್ಲಿ ಇಲ್ಲ. ಒಂದು ವಾರದ ಗೀರಿಗೂ ಒಂದು ದಿನದ ಗೀರಿಗೂ ಬಂಪರ್ ಮೇಲೆ ವ್ಯತ್ಯಾಸ ಹೇಳುವುದು ಕಷ್ಟ. ಗಾಡಿ ವಾಟರ್ ವಾಶ್ ಆಗಿಬಿಟ್ಟಿದ್ದರೆ ಇನ್ನೂ ಕಷ್ಟ.

ಈಗ ನೀವು ಕೀ ಕೊಟ್ಟು ಬಂದ ಮೇಲೆ ಆ ಕಾರಿಗೆ ಏನೇನು ಆಗುತ್ತದೆ ಅಂತ ಯೋಚನೆ ಮಾಡಿ. ರಾತ್ರಿಯೆಲ್ಲ ರಸ್ತೆ ಬದಿ ನಿಂತಿರುತ್ತದೆ, ಪಕ್ಕದಲ್ಲಿ ಆಟೋ, ಲಗೇಜ್ ಗಾಡಿ ತಿರುಗುತ್ತವೆ. ಬೆಳಿಗ್ಗೆ ಮಾಲೀಕರ ಕಡೆಯ ಹುಡುಗ ಅದನ್ನು ತೊಳೆಸಲು ತಗೊಂಡು ಹೋಗುತ್ತಾನೆ, ಅವನೂ ರಿವರ್ಸ್ ತೆಗೆಯುತ್ತಾನೆ. ಮದುವೆ ಸೀಸನ್ ಆದರೆ ನಸುಕಿನಲ್ಲೇ ಮುಂದಿನವರು ಬಂದು ತಗೊಂಡು ಹೋಗಿರುತ್ತಾರೆ. ಆಮೇಲೆ ನಿಮ್ಮ ವಾಟ್ಸಾಪ್‌ಗೆ ಒಂದು ಫೋಟೋ ಬರುತ್ತದೆ, ಹಿಂದಿನ ಬಂಪರಿನ ಮೂಲೆಗೆ ಕೆಂಪು ಗುಂಡು ಸುತ್ತಿ. ಈ ನಡುವಿನ ಹೊತ್ತು ಯಾರ ಲೆಕ್ಕದಲ್ಲಿದೆ? ವಾಪಸ್ ಕೊಟ್ಟದ್ದಕ್ಕೆ ಗುರುತಿಲ್ಲ ಅಂದರೆ ನಿಮ್ಮ ಲೆಕ್ಕದಲ್ಲೇ.

ಇಲ್ಲೇ ಜನ ತಪ್ಪು ತಿಳಿಯುವುದು, ಸ್ವಲ್ಪ ನಿಧಾನವಾಗಿ ಓದಿ. ಕಾರು ತಗೊಳ್ಳುವಾಗ ಮಾಡಿದ ವಿಡಿಯೋ ನಿಮ್ಮನ್ನು ಕಾಪಾಡುವುದು ಹಳೇ ಗೀರಿನಿಂದ ಮಾತ್ರ. ಆಗಲೇ ಇದ್ದದ್ದಕ್ಕೆ ನಿಮ್ಮಿಂದ ದುಡ್ಡು ಕೇಳಿದರೆ ಆ ವಿಡಿಯೋ ತೋರಿಸಬಹುದು. ಆದರೆ ಅವರು ಕೇಳುತ್ತಿರುವುದು ಹೊಸ ಗೀರಿಗೆ ಅಂತಾದರೆ, ನಿಮ್ಮದೇ ವಿಡಿಯೋ ‘ಈ ಗೀರು ಆಗ ಇರಲಿಲ್ಲ’ ಅಂತ ಹೇಳುತ್ತದೆ. ಅಂದರೆ ಅದು ಮಾಲೀಕರ ಪರವಾದ ಸಾಕ್ಷಿ. ಅದನ್ನೇ ಹಿಡಿದುಕೊಂಡು ‘ನೋಡಿ ಸಾರ್, ಎಲ್ಲ ವಿಡಿಯೋ ಮಾಡಿದ್ದೀನಿ’ ಅಂತ ನನ್ನ ಮುಂದೆ ಕೂರುತ್ತಾರೆ, ನನಗೆ ಸಂಕಟವಾಗುತ್ತದೆ. ಎರಡು ವಿಡಿಯೋ ಬೇಕು. ಮೊದಲನೆಯದು ಗೀರು ಮೊದಲೇ ಇತ್ತು ಅನ್ನುವುದಕ್ಕೆ, ಎರಡನೆಯದು ನಾನು ಬಿಟ್ಟು ಬರುವಾಗ ಇರಲಿಲ್ಲ ಅನ್ನುವುದಕ್ಕೆ. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಅರ್ಧ ಬಾಗಿಲು ಹಾಕಿದ ಹಾಗೆ.

ಚಿತ್ರದುರ್ಗದ ಒಂದು ಸಂಸಾರದ್ದು ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರು, ಬಹಳ ಶಿಸ್ತಿನ ಜನ. ಹಂಪಿಗೆ ಹೋಗಿಬಂದಿದ್ದರು. ಹೋಗುವಾಗ ಎಷ್ಟು ಜೋಪಾನ ಮಾಡಿದ್ದರು ಅಂದರೆ ಪ್ರತಿ ಗೀರಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದಿದ್ದರು. ಬರುವಾಗ ಹೊಸಪೇಟೆ ಕಡೆಯಿಂದ 50ನೇ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಬಂದು ಊರು ಮುಟ್ಟುವಷ್ಟರಲ್ಲಿ ಸುಸ್ತು. ‘ಕೀ ಅಲ್ಲೇ ಮ್ಯಾಟ್ ಕೆಳಗೆ ಇಟ್ಟು ಹೋಗಿ ಅಣ್ಣ, ನಾ ಬೆಳಿಗ್ಗೆ ನೋಡ್ಕೋತೀನಿ’ ಅಂತ ಮಾಲೀಕ ಫೋನಿನಲ್ಲಿ ಹೇಳಿದ. ಇಟ್ಟು ಬಂದರು. ಮಾರನೇ ದಿನ ಎಡಗಡೆ ಹಿಂದಿನ ಬಾಗಿಲ ಡೆಂಟಿಗೆ ದುಡ್ಡು ಕೇಳಿದರು, ಡೆಪಾಸಿಟ್ ಹಿಡಿದುಕೊಂಡರು. ಫೋಟೋ ನೋಡಿದೆ. ಡೆಂಟು ಹೊಸದು. ಅವರು ಮಾಡಿಲ್ಲ ಅನ್ನುವುದನ್ನು ನಾನು ನಂಬಿದೆ, ಈಗಲೂ ನಂಬುತ್ತೇನೆ. ನನ್ನ ನಂಬಿಕೆ ಕಾಗದದ ಮೇಲೆ ಬರೆಯಲು ಬರುವುದಿಲ್ಲ ಅಲ್ವಾ. ಆ ಮೇಡಂ ಕಣ್ಣಲ್ಲಿ ನೀರು ಬಂತು. ದುಡ್ಡಿಗಲ್ಲ, ಸುಳ್ಳು ಹೇಳಿದೆವು ಅನ್ನಿಸಿಕೊಂಡದ್ದಕ್ಕೆ.

ಹಾಗಾದರೆ ವಾಪಸ್ ಕೊಡುವಾಗ ಏನು ಮಾಡಬೇಕು? ಮೊದಲನೆಯದು, ಆದಷ್ಟು ಬೆಳಕಿನಲ್ಲಿ ಕೊಡಿ. ಬಾಡಿಗೆ ಮಾತಾಡುವಾಗಲೇ ‘ಸಂಜೆ 5ಕ್ಕೆ ತಂದು ಕೊಡ್ತೀನಿ, ನೀವು ಇರ್ಬೇಕು’ ಅಂತ ಹೇಳಿಬಿಡಿ. ಮಾಲೀಕರು ಎದುರಿಗಿದ್ದರೆ ಅವರ ಜೊತೆ ಒಂದು ಸುತ್ತು ಹಾಕಿ, ‘ಎಲ್ಲ ಸರಿ ಇದೆ’ ಅಂತ ಅಲ್ಲೇ ಅವರ ಫೋನಿನಿಂದ ಒಂದು ಮೆಸೇಜ್ ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಅವರು ಇಲ್ಲ, ಬರುವುದೂ ಇಲ್ಲ ಅಂದರೆ ನೀವೇ ವಿಡಿಯೋ ಮಾಡಿ, ನಿಂತ ಜಾಗದಿಂದಲೇ ಅವರಿಗೆ ಕಳಿಸಿ, ಕೆಳಗೆ ಇಷ್ಟು ಗಂಟೆಗೆ ಇಂಥ ಜಾಗದಲ್ಲಿ ನಿಲ್ಲಿಸಿ ಕೀ ಇಂಥವರ ಕೈಗೆ ಕೊಟ್ಟಿದ್ದೇನೆ ಅಂತ ಬರೆಯಿರಿ. ಮನೆಗೆ ಹೋಗಿ ಕಳಿಸಿದರಾಯಿತು ಅಂದುಕೊಳ್ಳಬೇಡಿ. ಕೀ ಕೊಟ್ಟ ಹೊತ್ತಿಗೂ ಮೆಸೇಜ್ ಹೋದ ಹೊತ್ತಿಗೂ ಅಂತರ ಕಡಿಮೆ ಇದ್ದಷ್ಟು ಒಳ್ಳೆಯದು. ವಾಚ್‌ಮನ್ ಆದರೆ ಅವರಿಗೂ ಹೇಳಿ, ಕೀ ಅವರ ಕೈ ಸೇರುವುದು ವಿಡಿಯೋದಲ್ಲಿ ಬರಲಿ. ಒಂದೇ ವಿಡಿಯೋ, ನಡುವೆ ನಿಲ್ಲಿಸದೆ, ನಂಬರ್ ಪ್ಲೇಟಿನಿಂದ ಶುರು ಮಾಡಿ ಸುತ್ತು ಬಂದು ಮತ್ತೆ ನಂಬರ್ ಪ್ಲೇಟಿಗೆ.

ವಿಡಿಯೋ ಮಾಡುವುದಕ್ಕೂ ಒಂದು ಕ್ರಮ ಇದೆ. ಗಾಡಿ ಒದ್ದೆ ಇದ್ದರೆ ಸಣ್ಣ ಗೀರುಗಳು ಕಾಣುವುದಿಲ್ಲ, ನೀರು ತುಂಬಿಕೊಂಡು ಮರೆಯಾಗುತ್ತವೆ. ತಗೊಳ್ಳುವ ಹೊತ್ತಿಗೆ ಆಗಷ್ಟೇ ತೊಳೆದು ನೀರು ಸುರಿಯುತ್ತಿರುವ ಕಾರು ಕೊಟ್ಟರೆ ಒಂದು ಬಟ್ಟೆ ಕೇಳಿ ಒರೆಸಿ. ನಮ್ಮ ಕಡೆ ಬೇಸಿಗೆಯಲ್ಲಿ ಧೂಳು ಹೇಗಿರುತ್ತದೆ ನಿಮಗೇ ಗೊತ್ತು, ಅದರ ಕೆಳಗೂ ಏನೂ ಕಾಣುವುದಿಲ್ಲ, ಅದನ್ನೂ ಒರೆಸಿ. ಕತ್ತಲಾಗಿದ್ದರೆ ಟಾರ್ಚನ್ನು ನೇರ ಹಿಡಿಯಬೇಡಿ, ಬಾಗಿಲಿಗೆ ಒರಗಿಸಿದ ಹಾಗೆ ಓರೆಯಾಗಿ ಹಿಡಿಯಿರಿ. ಡೆಂಟು ನೆರಳಿನಲ್ಲಿ ಎದ್ದು ಕಾಣುತ್ತದೆ. ಜನ ಮರೆಯುವ ಜಾಗಗಳೂ ಅವೇ ಅವು: ಬಂಪರಿನ ಕೆಳ ಅಂಚು, ನಾಲ್ಕೂ ಚಕ್ರದ ರಿಮ್ಮು, ಟೈರಿನ ಪಕ್ಕದ ಉಬ್ಬು, ಮುಂದಿನ ಗಾಜಿನಲ್ಲಿ ಕಲ್ಲು ಸಿಡಿದ ಚುಕ್ಕೆ. 48ನೇ ಹೆದ್ದಾರಿಯಲ್ಲಿ ಟಿಪ್ಪರ್ ಹಿಂದೆ ಹೋದವರಿಗೆ ಈ ಚುಕ್ಕೆ ಗೊತ್ತು. ಹಂಪ್‌ಗೆ ತಗುಲಿ ಕೆಳಗೆ ಏನಾದರೂ ಆಗಿದೆಯಾ ಅಂತ ಬಗ್ಗಿ ಫೋನು ಒಳಗೆ ತೂರಿಸಿ ತೆಗೆಯಿರಿ. ಮುಂದಿನ ಗಾಜನ್ನು ಒಳಗಿನಿಂದಲೂ ಒಮ್ಮೆ ತೆಗೆಯಿರಿ. ಮೂಲ ವಿಡಿಯೋ ನಿಮ್ಮ ಫೋನಿನಲ್ಲೇ ಇರಲಿ, ಜಾಗ ಇಲ್ಲ ಅಂತ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಹೋದದ್ದು ಕುಗ್ಗಿ ಮಸುಕಾಗಿರುತ್ತದೆ, ಮುಂದೆ ವಕೀಲರು ಕೇಳುವುದು ಮೂಲವನ್ನೇ.

ಇನ್ನು ‘ಇನ್ಶೂರೆನ್ಸ್ ಇದೆಯಲ್ಲ’ ಅನ್ನುವ ಮಾತು. ಇದೆ, ಅದು ಮಾಲೀಕರದು. ಕ್ಲೇಮು ಮಾಡುವುದು ಬಿಡುವುದು ಅವರ ಇಷ್ಟ. ಕ್ಲೇಮು ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ ಅಂತ ಸಣ್ಣದಕ್ಕೆ ಯಾರೂ ಮಾಡುವುದಿಲ್ಲ. ನಂಬರ್ ಪ್ಲೇಟನ್ನೂ ಒಮ್ಮೆ ನೋಡಿ. ಸೆಲ್ಫ್ ಡ್ರೈವ್ ಬಾಡಿಗೆಗೆ ಪರವಾನಗಿ ಇರುವ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಬೋರ್ಡಿನ ಕಾರು ಬಾಡಿಗೆಗೆ ಕೊಟ್ಟರೆ, ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಬಳಕೆಗೆ ರಕ್ಷಣೆ ಇಲ್ಲ ಅಂತ ಷರತ್ತೇ ಇರುತ್ತದೆ. ದೊಡ್ಡ ಅಪಘಾತ ಆದರೆ ಕಂಪನಿ ಕೈ ಎತ್ತಬಹುದು, ಆಗ ಪೂರಾ ಖರ್ಚು ನಿಮ್ಮ ತಲೆಗೆ ಬರುವ ಸಾಧ್ಯತೆ ಇದೆ. ನಮ್ಮ ಊರುಗಳಲ್ಲಿ ಬಿಳಿ ಬೋರ್ಡೇ ಅಗ್ಗಕ್ಕೆ ಸಿಗುವುದು ಅಂತ ನನಗೂ ಗೊತ್ತು. ಗೊತ್ತಿದ್ದು ತಗೊಳ್ಳಿ, ಅಷ್ಟೇ.

ದುಡ್ಡಿನ ಲೆಕ್ಕಕ್ಕೆ ಬರೋಣ. ಕೆಲವು ಸಲ ಡೆಂಟು ನಿಮ್ಮಿಂದಲೇ ಆಗಿರುತ್ತದೆ. ಆಗ ಒಪ್ಪಿಕೊಳ್ಳಿ, ಮುಚ್ಚಿಡಬೇಡಿ. ಆದರೆ ಎಷ್ಟು ಕೊಡಬೇಕು ಅನ್ನುವುದು ಬೇರೆ ಮಾತು. ಶೋರೂಮಿನಿಂದ ಒಂದು ಎಸ್ಟಿಮೇಟ್ ತಂದು ತೋರಿಸುತ್ತಾರೆ, ಹೊಸ ಬಂಪರ್, ಬಣ್ಣ, ಲೇಬರ್, ಜಿಎಸ್‌ಟಿ ಎಲ್ಲ ಸೇರಿಸಿ. ಎಸ್ಟಿಮೇಟ್ ಖರ್ಚಲ್ಲ. ಕೆಲಸ ಆದ ಮೇಲಿನ ಬಿಲ್ಲು ಖರ್ಚು. ಶೋರೂಮ್ ಎಸ್ಟಿಮೇಟ್ ತೋರಿಸಿ ದುಡ್ಡು ತಗೊಂಡು, ಗ್ಯಾರೇಜ್ ಸಾಲಿನಲ್ಲಿ ಟಿಂಕರಿಂಗ್ ಪೇಂಟಿಂಗ್ ಮಾಡಿಸಿ ಮುಗಿಸಿದ ಕಾರುಗಳನ್ನು ನಾನೇ ಆಮೇಲೆ ಬೇರೆ ಕ್ಲೇಮಿನಲ್ಲಿ ನೋಡಿದ್ದೇನೆ. ‘ಕೆಲಸ ಮಾಡಿಸಿ, ಬಿಲ್ಲು ಕೊಡಿ, ಬದಲಾಯಿಸಿದ ಹಳೇ ಪಾರ್ಟು ತೋರಿಸಿ, ಕೊಡ್ತೀನಿ’ ಅಂತ ಹೇಳುವುದು ಅಮರ್ಯಾದೆಯಲ್ಲ. ಉಗುರು ಆಡಿಸಿ ನೋಡಿ, ಉಗುರು ಸಿಕ್ಕಿಕೊಳ್ಳದ ಗೀರು ಸಾಮಾನ್ಯವಾಗಿ ಮೇಲಿನ ಪದರದ್ದು, ಬಹಳ ಸಲ ಪಾಲಿಶ್‌ನಲ್ಲೇ ಹೋಗುತ್ತದೆ, ಬಣ್ಣ ಹೊಡೆಸುವ ಅಗತ್ಯ ಇರುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮಾಮೂಲಿ ಪಾಲಿಸಿಯಲ್ಲಿ ಇನ್ಶೂರೆನ್ಸ್ ಕಂಪನಿ ಮಾಲೀಕರಿಗೇ ಹೊಸ ಪಾರ್ಟಿನ ಪೂರಾ ಬೆಲೆ ಕೊಡುವುದಿಲ್ಲ. ಪ್ಲಾಸ್ಟಿಕ್, ರಬ್ಬರ್ ಪಾರ್ಟಿಗೆ ಸವಕಳಿ ಅಂತ ಶೇ. 50 ಕಳೆಯುತ್ತಾರೆ. ತಗಡಿನ ಪಾರ್ಟಿಗೆ ಗಾಡಿಯ ವಯಸ್ಸು ನೋಡಿ ಕಳೆಯುತ್ತಾರೆ, 3 ವರ್ಷ ದಾಟಿದ್ದರೆ ಶೇ. 25, 4 ದಾಟಿದ್ದರೆ 35, 5 ದಾಟಿದ್ದರೆ 40. ಗಾಜಿಗೆ ಮಾತ್ರ ಕಳೆಯುವುದಿಲ್ಲ. ಝೀರೋ ಡೆಪ್, ಅಂದರೆ ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆ, ತಗೊಂಡಿದ್ದರೆ ಲೆಕ್ಕ ಬೇರೆ. ಈ ಪಟ್ಟಿ ಕಂಪನಿಗೂ ಮಾಲೀಕರಿಗೂ ನಡುವಿನದು, ನಿಮಗೂ ಮಾಲೀಕರಿಗೂ ಹಾಗೇ ಅನ್ವಯ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಐದು ವರ್ಷ ಓಡಿದ ಕಾರಿನ, ಆಗಲೇ ನಾಲ್ಕು ಕಡೆ ಗೀಚಿದ ಬಂಪರಿಗೆ ಹೊಸ ಬಂಪರಿನ ಪೂರಾ ಬೆಲೆ ಕೇಳಿದಾಗ ಮಾತಾಡಲು ಇದೊಂದು ನ್ಯಾಯವಾದ ಆಧಾರ. ಕೂತು ಮಾತಾಡಿದರೆ ಬಹಳ ಕಡೆ ಅರ್ಧಕ್ಕೆ ಇಳಿಯುತ್ತದೆ.

ಕರಾರು ಪತ್ರದಲ್ಲಿ ‘ಯಾವುದೇ ಗೀರಿಗೆ ಇಷ್ಟು ಸಾವಿರ’ ಅಂತ ಮೊದಲೇ ಬರೆದಿದ್ದರೆ? 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಅಷ್ಟು ಅಂತ ಬರೆದ ಮಾತ್ರಕ್ಕೆ ಅಷ್ಟೂ ಸಲ್ಲುವುದಿಲ್ಲ, ಆ ಮೊತ್ತದ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ. ಸಹಿ ಹಾಕಿದೆ, ಇನ್ನೇನು ಗತಿ ಅಂತ ಕೈ ಚೆಲ್ಲಬೇಡಿ. ನಾನು ವಕೀಲನಲ್ಲ, ನಿಮ್ಮ ಕಾಗದವನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ. ಹಾಗೆಯೇ ಡೆಪಾಸಿಟ್ ಅಂತ ಸಹಿ ಹಾಕಿದ ಖಾಲಿ ಚೆಕ್ಕು, ಅಸಲಿ ಆಧಾರ್ ಕಾರ್ಡು ಕೊಡಬೇಡಿ. ದುಡ್ಡು ಕೊಡಿ, ಅದೂ ಯುಪಿಐನಲ್ಲಿ, ‘ಡೆಪಾಸಿಟ್’ ಅಂತ ಬರೆದು.

ಮಾಲೀಕರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಇವರಲ್ಲಿ ಬಹಳ ಜನ ಸಾಲ ಮಾಡಿ ಒಂದೋ ಎರಡೋ ಕಾರು ತಗೊಂಡು ಕಂತು ಕಟ್ಟುತ್ತಿರುವ ಹುಡುಗರು. ಗೋವಾಕ್ಕೆ ಒಯ್ದು ಆಯಿಲ್ ಚೇಂಬರ್ ಒಡೆದುಕೊಂಡು ಬಂದು, ಏನೂ ಹೇಳದೆ ಕೀ ಎಸೆದು ಹೋಗುವ ಗಿರಾಕಿಗಳನ್ನೂ ಅವರು ನೋಡಿದ್ದಾರೆ. ಹೋದ ಗಿರಾಕಿಯಿಂದ ಸಿಗದ ದುಡ್ಡನ್ನು ಸಿಕ್ಕ ಗಿರಾಕಿಯಿಂದ ತೆಗೆಯುವ ಚಾಳಿ ಶುರುವಾಗುವುದು ಅಲ್ಲಿಂದ. ಅದು ತಪ್ಪು, ಆದರೆ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ನೀವು ಮಾತಾಡುವ ಧಾಟಿ ಬದಲಾಗುತ್ತದೆ. ‘ತಮ್ಮಾ, ಇಬ್ಬರೂ ಸೇರಿ ಒಂದು ಸುತ್ತು ನೋಡ್ಬಿಡೋಣ, ನಿಂಗೂ ಒಳ್ಳೇದು ನಂಗೂ ಒಳ್ಳೇದು’ ಅಂದರೆ ಬೇಡ ಅನ್ನುವವರು ಕಡಿಮೆ. ಬೇಡ ಅಂದರೆ ಆ ಕಾರು ತಗೊಳ್ಳಬೇಡಿ.

ಇಷ್ಟಾಗಿಯೂ ಡೆಪಾಸಿಟ್ ಹಿಡಿದುಕೊಂಡರೆ ಮೊದಲು ಬರಹದಲ್ಲಿ ಕೇಳಿ, ಬಿಲ್ಲು ಕೇಳಿ, ಎರಡೂ ವಿಡಿಯೋ ಕಳಿಸಿ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲೋ ಗೋವಾದಲ್ಲೋ ಕಾರು ತಗೊಂಡಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿ ಒಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಘಟನೆ ನಡೆದು 2 ವರ್ಷದೊಳಗೆ ಹೋಗಬೇಕು.