ಸುರುಳಿ ಗರಗಸದ ಮೀನು ಯಾರ ದಾಯಾದಿ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಸಾಲುಗಟ್ಟಿರುವ ಮಕರಗಳನ್ನು ತೋರಿಸುವಾಗ ಗೈಡುಗಳು ಅದರ ಅಂಗಗಳನ್ನು ಒಂದೊಂದಾಗಿ ಎಣಿಸುತ್ತಾರೆ: ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಶಿಲ್ಪ ಒಡೆದು ಸೊಂಡಿಲಿನ ಚೂರೊಂದೇ ಕೈಗೆ ಸಿಕ್ಕಿದ್ದರೆ ಅದನ್ನು ಆನೆಯದೆಂದೇ ತೀರ್ಮಾನಿಸುತ್ತಿದ್ದೆವು. ಹೆಲಿಕೊಪ್ರಿಯಾನ್ ಎಂಬ ಅಳಿದುಹೋದ ಮೀನಿನ ವರ್ಗೀಕರಣದಲ್ಲಿ ವಿಜ್ಞಾನಿಗಳನ್ನು ಬಹುಕಾಲ ಕಾಡಿದ್ದು ಇಂಥದೇ ತೊಡಕು.

ಶಾರ್ಕ್ ಮತ್ತು ಅದರ ಬಳಗದ ಮೀನುಗಳ ಅಸ್ಥಿಪಂಜರ ಮೂಳೆಯದಲ್ಲ, ಮೃದ್ವಸ್ಥಿಯದು. ಅದು ಬೇಗ ಕೊಳೆತುಹೋಗುವುದರಿಂದ ಸಾಮಾನ್ಯವಾಗಿ ಹಲ್ಲುಗಳಷ್ಟೇ ಕಲ್ಲಿನಲ್ಲಿ ಉಳಿಯುತ್ತವೆ. ರಷ್ಯಾದ ಭೂವಿಜ್ಞಾನಿ ಅಲೆಕ್ಸಾಂಡರ್ ಕಾರ್ಪಿನ್‌ಸ್ಕಿ 1899ರಲ್ಲಿ ಯೂರಲ್ ಪ್ರದೇಶದ ಪಳೆಯುಳಿಕೆಗೆ ‘ಸುರುಳಿ ಗರಗಸ’ ಎಂಬ ಅರ್ಥದ ಈ ಹೆಸರಿಟ್ಟಾಗ ಅವರ ಮುಂದಿದ್ದುದು ಚಕ್ಕುಲಿಯಂತೆ ಸುತ್ತಿಕೊಂಡ ಹಲ್ಲಿನ ಸಾಲು ಮಾತ್ರ. ಅದನ್ನು ಅವರು ಮೀನಿನ ಮೂತಿಯ ತುದಿಗೆ ಜೋಡಿಸಿದರು. ಬೇರೆಯವರು ಬಾಲಕ್ಕೂ ಬೆನ್ನಿನ ರೆಕ್ಕೆಗೂ ಅಂಟಿಸಿ ನೋಡಿದರು. ಯಾವ ಅಂಗವೆಂದೇ ತಿಳಿಯದಿದ್ದರೂ ಒಡೆಯ ಶಾರ್ಕ್ ಎಂಬ ನಂಬಿಕೆ ಮಾತ್ರ ಹೆಚ್ಚು ಅಲುಗಲಿಲ್ಲ ಎಂಬುದು ನನಗೆ ಸೋಜಿಗವೆನಿಸುತ್ತದೆ.

(ಇಂಥ ಪಳೆಯುಳಿಕೆಯನ್ನು ನಮ್ಮ ಹಾಸನ ಜಿಲ್ಲೆಯಲ್ಲಿ ಹುಡುಕುವುದು ವ್ಯರ್ಥ. ಹೆಲಿಕೊಪ್ರಿಯಾನ್ ಬದುಕಿದ್ದು ಸುಮಾರು 29ರಿಂದ 27 ಕೋಟಿ ವರ್ಷಗಳ ಹಿಂದೆ. ಗೊರೂರಿನ ಸುತ್ತಲಿನ ನೈಸ್ ಎಂಬ ಜಾತಿಯ ಬಂಡೆಗಳ ವಯಸ್ಸು 300 ಕೋಟಿ ವರ್ಷಗಳನ್ನೂ ಮೀರಿದ್ದು, ಅವು ರೂಪುಗೊಂಡಾಗ ಮೀನೆಂಬ ಜೀವಿಯೇ ಇರಲಿಲ್ಲ.)

ಗೊಂದಲ ತಿಳಿಯಾಗತೊಡಗಿದ್ದು ಅಮೆರಿಕದ ಐಡಹೊದಲ್ಲಿ ದೊರೆತ ಒಂದು ಮಾದರಿಯಿಂದ. 117 ಹಲ್ಲುಗಳ ಸುರುಳಿಯ ಜೊತೆಗೆ ದವಡೆಯ ಮೃದ್ವಸ್ಥಿಯೂ ಅದರಲ್ಲಿ ಉಳಿದಿತ್ತು. 1966ರಲ್ಲಿ ಬೆಂಡಿಕ್ಸ್ ಆಲ್ಮ್‌ಗ್ರೀನ್ ಸುರುಳಿಯ ಜಾಗ ಕೆಳದವಡೆಯೆಂದು ಗುರುತಿಸಿದರು. 2013ರಲ್ಲಿ ಲೀಫ್ ಟಪನಿಲ ಮತ್ತು ಸಂಗಡಿಗರು ಅದೇ ಕಲ್ಲನ್ನು ಸಿ.ಟಿ. ಸ್ಕ್ಯಾನ್‌ಗೆ ಒಡ್ಡಿದಾಗ ಕೆಳದವಡೆಯ ನಟ್ಟನಡುವೆ ಕೂತಿದ್ದ ಸುರುಳಿ ಸ್ಪಷ್ಟವಾಗಿ ಕಂಡಿತು: ಹಳೆಯ ಹಲ್ಲುಗಳು ಉದುರದೆ, ಹಿಂದಿನಿಂದ ಹುಟ್ಟುವ ಹೊಸ ಹಲ್ಲುಗಳ ಒತ್ತಡಕ್ಕೆ ಮುಂದಕ್ಕೆ ಸರಿದು, ಕೆಳಗಿಳಿದು, ಒಳಕ್ಕೆ ಸುತ್ತಿಕೊಳ್ಳುತ್ತಿದ್ದವು. ಶಾರ್ಕಿನ ಹಲ್ಲುಗಳಾದರೋ ಬದುಕಿರುವವರೆಗೂ ಉದುರುತ್ತಲೇ ಇರುತ್ತವೆ.

ವಂಶದ ಪ್ರಶ್ನೆಯನ್ನು ಇತ್ಯರ್ಥಗೊಳಿಸಿದ್ದು ಮಾತ್ರ ಹಲ್ಲಲ್ಲ, ಮೇಲ್ದವಡೆ. ಇಂದಿನ ಶಾರ್ಕುಗಳಲ್ಲಿ ಮೇಲ್ದವಡೆಯು ತಲೆಬುರುಡೆಗೆ ಸಡಿಲವಾಗಿ ಜೋತುಬಿದ್ದಿದ್ದು, ಕಚ್ಚುವಾಗ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹೆಲಿಕೊಪ್ರಿಯಾನ್‌ನಲ್ಲಿ ಅದು ಬುರುಡೆಗೆ ಎರಡು ಕಡೆ ನೇರವಾಗಿ ಕೂಡಿಕೊಂಡಿತ್ತು. ಈ ರಚನೆ ಅದನ್ನು ಶಾರ್ಕ್ ಕವಲಿನಿಂದ ಬಿಡಿಸಿ, ಶಾರ್ಕಿನ ಬಳಗದ್ದೇ ಆದ ಆಳಸಮುದ್ರದ ಕೈಮೀರಾ ಮೀನುಗಳ ಕವಲಿಗೆ ಸೇರಿಸಿತು. ಕೈಮೀರಾ ಎಂಬುದು ಸಿಂಹ, ಮೇಕೆ, ಹಾವುಗಳು ಒಂದಾದ ಗ್ರೀಕ್ ಪುರಾಣದ ಪ್ರಾಣಿಯ ಹೆಸರು, ಅಂದರೆ ಅವರ ಮಕರ. ಪತ್ರಿಕೆಗಳು ಹೆಲಿಕೊಪ್ರಿಯಾನನ್ನು ಈಗಲೂ ಶಾರ್ಕ್ ಎನ್ನುತ್ತವೆ. ಶಾರ್ಕಿನ ದಾಯಾದಿ ಎಂದರೆ ಸರಿಯಾದೀತು.

ಪ್ರಭೇದಗಳ ಲೆಕ್ಕವೂ ಆಮೇಲೆ ಕರಗಿತು. ಸುರುಳಿಯ ಆಕಾರದ ಸಣ್ಣಪುಟ್ಟ ವ್ಯತ್ಯಾಸಗಳನ್ನು ನೆಚ್ಚಿ ಹಲವು ಹೆಸರುಗಳನ್ನು ಇಡಲಾಗಿತ್ತು. ಎಳೆಯ ಮೀನಿನ ಸುರುಳಿಗೂ ಬಲಿತದ್ದರ ಸುರುಳಿಗೂ ಇರುವ ಅಂತರವನ್ನು ಕಳೆದು ನೋಡಿದಾಗ ಉಳಿದದ್ದು ಮೂರೇ ಪ್ರಭೇದಗಳು.