ಜಗ್ ತುಂಬಿದೆ, ನಾಲಿಗೆ ಒಣಗಿದೆ

ಬೆಳಗಿನ ಪಾಳಿಗೆ ಬಂದ ಕೂಡಲೇ ನಾನು ನೋಡುವುದು ಹಾಸಿಗೆ ಪಕ್ಕದ ನೀರಿನ ಜಗ್ಗನ್ನು. ರಾತ್ರಿ ತುಂಬಿಟ್ಟದ್ದು ಹಾಗೇ ಇದ್ದರೆ, ಆ ದಿನ ಕೆಲಸ ಜಾಸ್ತಿ ಅಂತಲೇ ಲೆಕ್ಕ.

"ನೀರು ಇಟ್ಟಿದ್ದೀವಲ್ಲ ಸಿಸ್ಟರ್" ಎನ್ನುತ್ತಾರೆ ರಾತ್ರಿ ಪಾಳಿಯವರು. ಇಟ್ಟಿದ್ದು ನಿಜ. ಆದರೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಹಿರಿಯರಿಗೆ ನೀರು ಇಡುವುದೇ ಬೇರೆ, ಕುಡಿಸುವುದೇ ಬೇರೆ. ವಯಸ್ಸಾದಂತೆ ಬಾಯಾರಿಕೆ ಮಂಕಾಗುತ್ತದೆ. ಮೈಯಲ್ಲಿರುವ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಿಡ್ನಿಗೂ ಕಮ್ಮಿಯಾಗಿರುತ್ತದೆ. ಅದರ ಮೇಲೆ ಈ ಕಾಯಿಲೆ. ಕುಡಿಯಬೇಕು ಅನ್ನುವುದೇ ಮರೆತುಹೋಗುತ್ತದೆ, ಕೇಳಲು ಮಾತು ಸಿಗುವುದಿಲ್ಲ, ಎದುರಿಗಿರುವುದು ಲೋಟ ಎಂದೇ ಹೊಳೆಯುವುದಿಲ್ಲ.

ಒಬ್ಬ ಅಜ್ಜ ಇದ್ದರು. ಬಿಳಿ ಟ್ರೇ ಮೇಲೆ ಗಾಜಿನ ಲೋಟ, ಒಳಗೆ ನೀರು. ಅವರು ಅದರತ್ತ ನೋಡುತ್ತಿದ್ದರು, ಆದರೆ ಲೋಟ ಅವರಿಗೆ ಕಾಣುತ್ತಲೇ ಇರಲಿಲ್ಲ. ಕೆಂಪು ಕಪ್ಪಿಗೆ ನೀರು ಸುರಿದು, ಅವರ ಬೆರಳುಗಳನ್ನು ಕಪ್ಪಿನ ಸುತ್ತ ಹಿಡಿಸಿದೆ. ಆಮೇಲೆ ಪಕ್ಕದಲ್ಲಿ ಕೂತು ನನ್ನ ಕಪ್ಪಿನಿಂದ ನಿಧಾನಕ್ಕೆ ಕುಡಿದೆ. ಅವರು ನನ್ನನ್ನು ನೋಡಿದರು, ಕಪ್ಪನ್ನು ನೋಡಿದರು, ಎತ್ತಿದರು. ಮೊದಲ ಗುಟುಕು ಒಳಗೆ ಹೋದ ಮೇಲೆ ನಾನು ಏನೂ ಮಾಡಬೇಕಾಗಲಿಲ್ಲ. ತಲೆ ಮರೆತಿದ್ದನ್ನು ಕೈ ಮರೆತಿರಲಿಲ್ಲ.

"ನೀರು ಬೇಕಾ?" ಅಂತ ಕೇಳುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಕೇಳಿದರೆ ಬರುವ ಉತ್ತರ ಹೆಚ್ಚಾಗಿ "ಬೇಡ". "ತಗೊಳ್ಳಿ ಅಜ್ಜಾ, ಟೀ ತಂದಿದ್ದೀನಿ" ಅಂದು ಕೈಗೇ ಕೊಟ್ಟುಬಿಡುವುದು ವಾಸಿ. ಒಂದೇ ಸಲ ದೊಡ್ಡ ಲೋಟ ಬೇಡ, ಆಗಾಗ ನಾಲ್ಕು ನಾಲ್ಕು ಗುಟುಕು ಕೊಡಿ. ಮಾತ್ರೆ ಕೊಡುವಾಗ ಬರೀ ಒಂದು ಗುಟುಕಿಗೆ ನಿಲ್ಲಿಸಬೇಡಿ.

ಕೆಲವರು ಬೇಡ ಅನ್ನುವುದಕ್ಕೆ ಬೇರೆಯೇ ಕಾರಣ ಇರುತ್ತದೆ. ಬಟ್ಟೆ ಒದ್ದೆಯಾದರೆ ಅನ್ನುವ ಭಯ. ಅಂಥವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಹೊತ್ತು ಹೊತ್ತಿಗೆ ಶೌಚಾಲಯಕ್ಕೆ ಕರೆದುಕೊಂಡು ಹೋಗಿ, ಕುಡಿಯುವುದು ತಾನಾಗಿ ಹೆಚ್ಚುತ್ತದೆ.

ಎಷ್ಟು ಕುಡಿಯಬೇಕು? ಯುರೋಪಿನ ಪೌಷ್ಟಿಕತಾ ತಜ್ಞರ ಮಾರ್ಗಸೂಚಿ ಪ್ರಕಾರ ವಯಸ್ಸಾದ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರು ಹೇಳಿದ್ದೇ ಅಳತೆ. ಟೀ, ಕಾಫಿ, ಹಾಲು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಟೀ ಕುಡಿದರೆ ಮೈಯ ನೀರೆಲ್ಲ ಹೊರಟುಹೋಗುತ್ತದೆ ಅಂತ ಅದನ್ನೂ ನಿಲ್ಲಿಸುವವರಿದ್ದಾರೆ. ದಯವಿಟ್ಟು ನಿಲ್ಲಿಸಬೇಡಿ.

ಇನ್ನೊಂದು ವಿಷಯ. ಕೈಯ ಚರ್ಮ ಚಿವುಟಿ ನೋಡಿ ನೀರಿನಂಶ ಸಾಕೋ ಬೇಕೋ ಹೇಳುವುದು ಈ ವಯಸ್ಸಿನಲ್ಲಿ ನಂಬುವಂಥದ್ದಲ್ಲ, ಚರ್ಮ ಹೇಗೂ ಸಡಿಲ. ರಕ್ತ ಪರೀಕ್ಷೆಯೇ ಸರಿ. ಆದರೆ ನಿನ್ನೆ ಮಾತಾಡುತ್ತಿದ್ದವರು ಇವತ್ತು ತೂಕಡಿಸುತ್ತಿದ್ದರೆ, ಇಲ್ಲವೇ ಏನೇನೋ ಬಡಬಡಿಸುತ್ತಿದ್ದರೆ, "ಮರೆವು ಜಾಸ್ತಿಯಾಯ್ತು" ಅಂತ ಸುಮ್ನೆ ಕೂರಬೇಡಿ. ಒಂದೆರಡು ದಿನದಲ್ಲಿ ಹೀಗಾದರೆ ಅದು ಡೆಲಿರಿಯಂ, ಅಂದರೆ ದಿಢೀರನೆ ಬರುವ ಬುದ್ಧಿಗೊಂದಲ, ಇರಬಹುದು. ನೀರಿನ ಕೊರತೆ, ಸೋಂಕು, ಮಲಬದ್ಧತೆ ಯಾವುದೂ ಕಾರಣವಾಗಬಹುದು. ಆಗಲೇ ಡಾಕ್ಟರಿಗೆ ತಿಳಿಸಿ.

ಕುಡಿಸುವಾಗ ನೆಟ್ಟಗೆ ಕೂರಿಸಿ. ನಿದ್ದೆಗಣ್ಣಲ್ಲಿರುವವರ ಬಾಯಿಗೆ ಸುರಿಯಲೇಬಾರದು. ಕುಡಿದ ಮೇಲೆ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಿ. ನುಂಗುವ ತೊಂದರೆ ನೋಡುವ ಥೆರಪಿಸ್ಟ್ ಬರಬೇಕು. ಅವರು ನೀರಿಗೆ ಪುಡಿ ಹಾಕಿ ಗಟ್ಟಿ ಮಾಡಿ ಕೊಡಿ ಅನ್ನಬಹುದು. ಅದು ಅನೇಕರಿಗೆ ಸೇರುವುದಿಲ್ಲ, ಹಾಗಾಗಿ ಕುಡಿಯುವುದು ಇನ್ನೂ ಕಮ್ಮಿಯಾಗುತ್ತದೆ. ಅಂಥವರ ಹತ್ತಿರ ಇನ್ನೂ ಹೆಚ್ಚು ಸಲ ಹೋಗಬೇಕು.

ಯಾರು ಎಷ್ಟು ಕುಡಿದರು ಅಂತ ಬರೆದಿಡುವ ಚಾರ್ಟಿನ ವಿಷಯದಲ್ಲಿ ನಮ್ಮ ತಪ್ಪೂ ಇದೆ. ಕೊಟ್ಟಿದ್ದು 200 ಮಿ.ಲೀ. ಅಂತ ಬರೆದುಬಿಡುತ್ತೇವೆ. ಕಪ್ಪಿನಲ್ಲಿ 150 ಉಳಿದಿರುತ್ತದೆ. ಬರೆಯಬೇಕಾದ್ದು 50 ಅಲ್ವಾ?

ಮನೆಯವರು ನಮಗೆ ಮಾಡಬಹುದಾದ ದೊಡ್ಡ ಉಪಕಾರ ಎಂದರೆ ಅಭ್ಯಾಸ ತಿಳಿಸುವುದು. ಒಬ್ಬ ಮಗಳು ತಾಯಿಯ ತಲೆದೆಸೆಯ ಗೋಡೆಗೆ ಒಂದು ಚೀಟಿ ಅಂಟಿಸಿ ಹೋಗಿದ್ದರು: "ಅಮ್ಮನಿಗೆ ಟೀ ಬಿಸಿ ಇರಬೇಕು. ಸಕ್ಕರೆ ಎರಡು ಚಮಚ. ಒಬ್ಬರೇ ಇದ್ದರೆ ಕುಡಿಯಲ್ಲ, ಜೊತೆಗೆ ಕೂತ್ಕೊಳ್ಳಿ."