ಹೆಸರು ದೊಡ್ಡದು ಸರಿ, ಒಳಗಿನ ದಿನಚರಿ ಹೇಗಿದೆ?

ಪಿಯುಸಿ ರಿಸಲ್ಟ್ ಬಂದ ಮೇಲೆ ದಾವಣಗೆರೆಯಲ್ಲಿ ನನ್ನ ಹತ್ತಿರ ಸಲಹೆಗೆ ಬರುವ ಅಪ್ಪ-ಅಮ್ಮಂದಿರು ಹೆಚ್ಚಾಗಿ ಕೇಳುವುದು ಒಂದೇ ಮಾತು: "ಮೇಡಂ, ಇವೆರಡರಲ್ಲಿ ಯಾವುದಕ್ಕೆ ಹೆಸರು ಜಾಸ್ತಿ?" ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿಯೋ ಯುಬಿಡಿಟಿಯೋ ಅನ್ನುವ ಪ್ರಶ್ನೆಯಾದರೆ ಊರಲ್ಲೇ ಉತ್ತರ ಸಿಗುತ್ತದೆ. ಪಕ್ಕದ ಬೀದಿಯ ಹುಡುಗನೇ ಅಲ್ಲಿ ಓದಿರುತ್ತಾನೆ. ಆದರೆ ಈಗ ಚನ್ನಗಿರಿಯ ಅಡಿಕೆ ತೋಟದ ಮನೆಯ ಮಕ್ಕಳೂ ಪಿಲಾನಿ, ಸೋನಿಪತ್, ಸರ್ಜಾಪುರದ ಕಾಲೇಜು ಅನ್ನುತ್ತಿದ್ದಾರೆ. ಇದು ನನಗೆ ತುಂಬಾ ಖುಷಿ ಕೊಡುವ ಸಂಗತಿ. ಅಲ್ಲಿಯ ಸುದ್ದಿ ಹೇಳುವವರು ಮಾತ್ರ ಊರಲ್ಲಿಲ್ಲ. ಹಾಗಾಗಿ ಎಲ್ಲರೂ ರ‍್ಯಾಂಕ್ ಹಿಡಿದುಕೊಂಡು ಕೂರುತ್ತಾರೆ.

ರ‍್ಯಾಂಕ್ ಬೇಡ ಅಂತ ನಾನು ಹೇಳುವುದಿಲ್ಲ. ಅದು ಏನನ್ನು ಅಳೆಯುತ್ತದೆ ಅಂತ ತಿಳಿದಿರಲಿ. ಕೇಂದ್ರ ಸರ್ಕಾರ ಕಾಲೇಜು, ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಬೋಧನೆ ಮತ್ತು ಸೌಲಭ್ಯಕ್ಕೆ 30 ಅಂಕ, ಸಂಶೋಧನೆಗೆ 30, ಓದು ಮುಗಿಸಿದವರು ಏನಾದರು ಅನ್ನುವುದಕ್ಕೆ 20. ಎಲ್ಲ ವರ್ಗ, ಎಲ್ಲ ಪ್ರದೇಶದ ಮಕ್ಕಳಿಗೆ ಅವಕಾಶ ಇದೆಯಾ ಅನ್ನುವುದಕ್ಕೆ 10. ಉಳಿದ 10 ಹೆಸರಿಗೆ. ಆ ಹೆಸರನ್ನು ಅಳೆಯುವುದು ಬೇರೆ ಪ್ರಾಧ್ಯಾಪಕರನ್ನು, ಕಂಪನಿಯವರನ್ನು ಕೇಳಿ. ಮೊದಲ ವರ್ಷದ ಹುಡುಗಿ ಪಾಠ ಅರ್ಥವಾಗದಿದ್ದರೆ ಮೇಷ್ಟ್ರ ಹತ್ತಿರ ಹೋಗಿ ಕೇಳಬಹುದಾ? ಅದಕ್ಕೆ ಅಂತ ಅಲ್ಲಿ ಅಂಕವಿಲ್ಲ.

ಸೀಟು ಸಿಗುವುದು ಕಷ್ಟ ಅನ್ನುವುದೂ ಅಷ್ಟೇ. ಪಕ್ಕದಲ್ಲಿ ಕೂರುವವರು ಚುರುಕಾಗಿರುತ್ತಾರೆ ಅಂತ ಅದರಿಂದ ಗೊತ್ತಾಗುತ್ತದೆ. ಅದು ದೊಡ್ಡ ಲಾಭವೇ. ಆದರೆ ಪಾಠ ಹೇಗೆ ನಡೆಯುತ್ತದೆ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ಕಾಗದ ಇದೆ. ಬಹಳ ಜನ ಅದನ್ನು ತೆರೆದೇ ನೋಡುವುದಿಲ್ಲ. ಎನ್‌ಐಆರ್‌ಎಫ್‌ಗೆ ತಾವು ಕೊಟ್ಟ ಮಾಹಿತಿಯನ್ನು ಸಂಸ್ಥೆಗಳು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಿರುತ್ತವೆ. ಎಷ್ಟು ಮಕ್ಕಳು ಸೇರಿದರು, ಎಷ್ಟು ಜನ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತದೆ. ಸೇರಿದವರಿಗೂ ಪಾಸಾದವರಿಗೂ ದೊಡ್ಡ ಅಂತರ ಇದ್ದರೆ ಯಾಕೆ ಅಂತ ಕೇಳಿ.

ಅದೇ ಸಾಲಿನಲ್ಲಿ ಮೀಡಿಯನ್ ಸಂಬಳವೂ ಇರುತ್ತದೆ. ಜಾಹೀರಾತಿನ "40 ಲಕ್ಷದ ಪ್ಯಾಕೇಜ್" ನೋಡಿ ಮರುಳಾಗಬೇಡಿ. ಐದು ಜನಕ್ಕೆ 4, 4, 5, 6 ಮತ್ತು 40 ಲಕ್ಷದ ಕೆಲಸ ಸಿಕ್ಕಿತು ಅಂದುಕೊಳ್ಳಿ. ಸರಾಸರಿ 11.8 ಲಕ್ಷ. ಮಧ್ಯದಲ್ಲಿ ನಿಂತವನಿಗೆ ಸಿಕ್ಕಿದ್ದು 5. ಆ 5 ಲಕ್ಷವೇ ಮೀಡಿಯನ್. ನಿಮ್ಮ ಲೆಕ್ಕ ಅದರ ಮೇಲೆ ನಡೆಯಲಿ.

ಇನ್ನು ಒಳಗಿನ ಬದುಕು. ಬಿಟ್ಸ್ ಪಿಲಾನಿಯಲ್ಲಿ ಹಾಜರಿ ಕಡ್ಡಾಯ ಇಲ್ಲ ಅನ್ನುವುದು ಹೆಸರುವಾಸಿ. ಪ್ರಾಕ್ಟೀಸ್ ಸ್ಕೂಲ್ ಅಂತ ಕಂಪನಿಗಳಿಗೆ ಕಳಿಸಿ ಕೆಲಸ ಕಲಿಸುತ್ತಾರೆ. ತಾನೇ ಎದ್ದು ಓದುವ ಹುಡುಗನಿಗೆ ಇದು ಸ್ವರ್ಗ. ಆದರೆ ಎರಡು ವರ್ಷ ಪಿಯು ಹಾಸ್ಟೆಲ್‌ನಲ್ಲಿ ಬೆಳಗಿನ ಐದಕ್ಕೆ ಎಬ್ಬಿಸಿ, ರಾತ್ರಿ ಸ್ಟಡಿ ಅವರ್‌ನಲ್ಲಿ ಕೂರಿಸಿ ಓದಿಸಿದ ಮಕ್ಕಳು ನಮ್ಮಲ್ಲಿ ಜಾಸ್ತಿ. ಒಮ್ಮೆಲೇ ಕೇಳುವವರೇ ಇಲ್ಲ ಅಂದಾಗ ಅವರಲ್ಲಿ ಕೆಲವರು ತಡವರಿಸುತ್ತಾರೆ. ಸೋನಿಪತ್‌ನ ಅಶೋಕ ಯೂನಿವರ್ಸಿಟಿ ಬೇರೆಯೇ ಥರ. ಎಂಜಿನಿಯರಿಂಗ್ ಕಾಲೇಜಿನಂತೆ ಮೊದಲೇ ಬ್ರಾಂಚ್ ಕಟ್ಟಿಕೊಳ್ಳಬೇಕಿಲ್ಲ, ಹಲವು ವಿಷಯ ಓದಿ ನೋಡಿ ಮುಖ್ಯ ವಿಷಯ ಆರಿಸಬಹುದು. ಓದು, ಬರಹ, ಚರ್ಚೆ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಅಲ್ಲಿಗೆ ಹೋಗಬಾರದು ಅಂತಲ್ಲ, ಖಂಡಿತ ಹೋಗಲಿ. ಬರವಣಿಗೆಗೆ ಸಹಾಯ ಮಾಡುವವರು ಯಾರು ಅಂತ ಮೊದಲೇ ವಿಚಾರಿಸಿಕೊಳ್ಳಲಿ.

ಇದನ್ನೆಲ್ಲ ಅಡ್ಮಿಷನ್ ಕೌಂಟರ್‌ನಲ್ಲಿ ಕೇಳಿದರೆ ಒಳ್ಳೆಯದನ್ನೇ ಹೇಳುತ್ತಾರೆ. ಎರಡನೇ ವರ್ಷದವರನ್ನು ಹುಡುಕಿ ಮಾತಾಡಿಸಿ. "ಕಾಲೇಜು ಚೆನ್ನಾಗಿದೆಯಾ" ಅಂತ ಸುಮ್ನೆ ಕೇಳಬೇಡಿ. "ಕಳೆದ ವಾರ ಯಾವ ಮೇಷ್ಟ್ರ ಜೊತೆ ಮಾತಾಡಿದೆ, ಹುಷಾರಿಲ್ಲದಾಗ ಯಾರು ನೋಡಿಕೊಂಡರು" ಅಂತ ಕೇಳಿ.

ದುಡ್ಡಿನ ವಿಷಯ ಕೊನೆಗೆ ಹೇಳಿದರೂ ಮನೆಯಲ್ಲಿ ಮೊದಲು ಮಾತಾಡಬೇಕಾದದ್ದು ಅದೇ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮನೆಯ ಆದಾಯ ನೋಡಿ ಫೀಸು, ಹಾಸ್ಟೆಲ್ ಖರ್ಚಿಗೆ ನೆರವು ಕೊಡುತ್ತದೆ. ಬೇರೆ ಕೆಲವು ಕಡೆ ಸ್ಕಾಲರ್‌ಶಿಪ್ ಅಂಕಕ್ಕೆ ಕಟ್ಟಿರುತ್ತದೆ. ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ ಅಂಕ, ಇಳಿದರೆ ಮುಂದಿನ ವರ್ಷ ಪೂರ್ತಿ ಫೀಸು ಕಟ್ಟಬೇಕಾಗಬಹುದು. ಎಷ್ಟಕ್ಕಿಂತ ಇಳಿಯಬಾರದು, ಇಳಿದರೆ ಮತ್ತೆ ಸಿಗುತ್ತದಾ ಅನ್ನುವುದನ್ನು ಅಡ್ವಾನ್ಸ್ ಕಟ್ಟುವ ಮುಂಚೆ ಬರಹದಲ್ಲಿ ತೆಗೆದುಕೊಳ್ಳಿ.